ಮುಕ್ಕಾಲಿ

ಒಲೆ ಹೂಡುವುದಕ್ಕೆ ಮೂರು ಕಲ್ಲು ಸಾಕು. ಬಯಲಿನಲ್ಲಿ ಅನ್ನ ಬೇಯಿಸಬೇಕಾಗಿ ಬಂದವರು ಯಾರೂ ನಾಲ್ಕನೆಯ ಕಲ್ಲನ್ನು ಹುಡುಕಲು ಹೋಗುವುದಿಲ್ಲ. ಮೂರು ಕಲ್ಲುಗಳ ಮೇಲೆ ಇಟ್ಟ ಪಾತ್ರೆ, ನೆಲ ಎಷ್ಟೇ ಏರುತಗ್ಗಾಗಿದ್ದರೂ ಅಲುಗುವುದಿಲ್ಲ. ನಾಲ್ಕು ಕಾಲಿನ ಮಂಚವನ್ನೋ ಮೇಜನ್ನೋ ಅದೇ ನೆಲದ ಮೇಲೆ ಇರಿಸಿದರೆ ಯಾವುದಾದರೂ ಒಂದು ಕಾಲು ನೆಲ ಮುಟ್ಟದೆ ಕುಂಟುತ್ತದೆ. ಅದರ ಅಡಿಗೆ ಒಂದು ಮರದ ಚಕ್ಕೆಯನ್ನು ತುರುಕಬೇಕಾಗುತ್ತದೆ. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗಬಲ್ಲದು ಎಂಬ ರೇಖಾಗಣಿತದ ಮಾತು, ಶಾಲೆಯ ಮೆಟ್ಟಿಲು ಹತ್ತದ ಅಡುಗೆಯವರ ಕೈಗೂ ತಿಳಿದಿತ್ತು.

ಛಾಯಾಗ್ರಾಹಕನ ಮುಕ್ಕಾಲಿ ನಿಂತಿರುವುದು ಈ ತತ್ತ್ವದ ಮೇಲೆಯೇ. ಟ್ರೈಪಾಡ್ ಎಂದು ಎಲ್ಲರೂ ಕರೆಯುವ ಈ ಉಪಕರಣಕ್ಕೆ ಸಲ್ಲಬೇಕಾದ ಗೌರವ ಎಂದೂ ಸಂದಿಲ್ಲ. ಒಳ್ಳೆಯ ಚಿತ್ರವನ್ನು ನೋಡಿದವರು ತೆಗೆದವನ ಕಣ್ಣನ್ನು ಹೊಗಳುತ್ತಾರೆ. ಕ್ಯಾಮರಾದ ಬೆಲೆಯನ್ನು ಕೇಳುತ್ತಾರೆ. ಮಸೂರದ ಉದ್ದವನ್ನು ಕಂಡು ಬೆರಗಾಗುತ್ತಾರೆ. ಮುಕ್ಕಾಲಿಯನ್ನು ವಿಚಾರಿಸುವವರಿಲ್ಲ. ಅದು ಹೊರಲು ಭಾರ, ಹೂಡಲು ತಡ, ಮಡಿಸಲು ಕಿರುಕುಳ. ಅದಕ್ಕಿಂತ ಮಿಗಿಲಾಗಿ, ಅದನ್ನು ಬಳಸುವುದೆಂದರೆ ತನ್ನ ಕೈ ನಡುಗುತ್ತದೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಂತೆ. ಒಪ್ಪಿಕೊಳ್ಳುವ ಈ ಕೆಲಸ ಹದಿನೆಂಟರ ಹರೆಯಕ್ಕೆ ಕಷ್ಟ. ಎಂಬತ್ತರ ಮುಪ್ಪಿಗೆ ಇನ್ನೂ ಕಷ್ಟ. ಈಶ್ವರಮಂಗಲದ ಒಂದು ಮನೆಯಲ್ಲಿ 1985ರ ಬೇಸಗೆಯಲ್ಲಿ ಇವೆರಡೂ ಒಟ್ಟಿಗೆ ನಡೆದುವು.

ಪುತ್ತೂರು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ಕಾಸರಗೋಡಿನ ಗಡಿಗೆ ಹತ್ತಿರವಾಗಿ ಈಶ್ವರಮಂಗಲವಿದೆ. ಗುಡ್ಡಗಳ ಮೇಲೆ ಗೇರು, ಇಳಿಜಾರಿನಲ್ಲಿ ಕಾಡುಮರಗಳು, ತಗ್ಗಿನಲ್ಲಿ ಅಡಿಕೆ ತೋಟ: ಆ ಕಡೆಯ ಊರುಗಳ ಸಾಮಾನ್ಯ ಲಕ್ಷಣ ಇದು. ಆ ಮನೆಯ ತೋಟದ ಆಚೆ ದಂಡೆಯಲ್ಲಿ ಒಂದು ನಾಗಬನವಿತ್ತು. ಬನದ ಮರಕ್ಕೆ ಕತ್ತಿ ತಾಗಿಸಬಾರದೆಂಬ ಕಟ್ಟಳೆಯಿಂದಾಗಿ ಅಲ್ಲಿಯ ಹೆಬ್ಬಲಸಿನ ಮರವೊಂದು ತಲೆತಲಾಂತರಗಳಿಂದ ಬೆಳೆದು ನಿಂತಿತ್ತು. ನೆಲದಿಂದ ಇಪ್ಪತ್ತು ಅಡಿ ಎತ್ತರದಲ್ಲಿ ಅದಕ್ಕೊಂದು ಪೊಟರೆ. ಪ್ರತಿ ವರ್ಷ ಮಾಘ ಮಾಸದ ಸುಮಾರಿಗೆ ಆ ಪೊಟರೆಗೆ ಒಂದು ಜೋಡಿ ಮಂಗಟ್ಟೆ ಹಕ್ಕಿಗಳು ಬರುತ್ತಿದ್ದುವು.

ಪಶ್ಚಿಮ ಘಟ್ಟದ ಸೀಮೆಯನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಬೂದುಬಣ್ಣದ ಮಂಗಟ್ಟೆ ಅದು. ಅದರ ಸಂಸಾರದ ರೀತಿ ವಿಚಿತ್ರವಾದುದು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆಯನ್ನೇ ಗಾರೆಯಾಗಿ ಬಳಸಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳನ್ನು ಮಾತ್ರ ಉಳಿಸುತ್ತದೆ. ಒಳಗೆ ಕುಳಿತ ಹೆಣ್ಣು ರೆಕ್ಕೆಯ ಗರಿಗಳನ್ನು ಉದುರಿಸಿಕೊಂಡು ಹಾರಲಾರದ ಸ್ಥಿತಿಗೆ ಬರುತ್ತದೆ. ಅಂದಿನಿಂದ ಅದರ ಮತ್ತು ಹುಟ್ಟಲಿರುವ ಮರಿಗಳ ಅನ್ನವೆಲ್ಲ ಗಂಡಿನ ಹೊಣೆ. ಗಂಟಲಲ್ಲಿ ಹಣ್ಣುಗಳನ್ನು ತುಂಬಿಕೊಂಡು ಬಂದು, ಒಂದೊಂದನ್ನೇ ಕೊಕ್ಕಿನ ತುದಿಗೆ ತಂದು, ಸೀಳಿನೊಳಗೆ ನೀಡುತ್ತದೆ. ಸುಮಾರು ಮೂರು ತಿಂಗಳ ಕಾಲ ನಡೆಯುವ ಈ ವ್ರತದ ನಡುವೆ ಗಂಡು ಹೆದರಿ ದೂರವಾದರೆ ಒಳಗಿನ ಜೀವಗಳಿಗೆ ಉಳಿವಿಲ್ಲ.

ಆ ಮನೆಯ ಅಜ್ಜ ಈ ಹಕ್ಕಿಗಳನ್ನು ಐವತ್ತು ವರ್ಷಗಳಿಂದ ನೋಡುತ್ತ ಬಂದವರು. ಹೆಣ್ಣು ಒಳಗೆ ಸೇರಿದ ದಿನವನ್ನು ಪಂಚಾಂಗದ ಬದಿಯಲ್ಲಿ ಗುರುತು ಹಾಕುತ್ತಿದ್ದರು. ಆದರೆ ಹಿಂದಿನ ಮಳೆಗಾಲದಲ್ಲಿ ತೋಟದ ತೋಡಿನ ಸಂಕ ದಾಟುವಾಗ ಕಾಲು ಜಾರಿ ಬಿದ್ದ ಮೇಲೆ ಅವರು ಅಂಗಳದಿಂದಾಚೆಗೆ ಹೋಗಿರಲಿಲ್ಲ. ಸೊಸೆ ಒಂದು ಊರುಗೋಲನ್ನು ತರಿಸಿಕೊಟ್ಟಿದ್ದಳು. “ಅದು ಮುದುಕರಿಗೆ” ಎಂದು ಹೇಳಿ ಅಜ್ಜ ಅದನ್ನು ಜಗಲಿಯ ಮೂಲೆಗೆ ಒರಗಿಸಿಬಿಟ್ಟಿದ್ದರು. ಜಗಲಿಯಲ್ಲಿ ಕುಳಿತು ಗಂಡುಹಕ್ಕಿಯ ನಗುವಿನಂಥ ಕೂಗನ್ನು ಕೇಳುವುದಷ್ಟೇ ಆ ವರ್ಷ ಅವರ ಪಾಲಿಗೆ ಉಳಿದಿತ್ತು.

ಅದೇ ಸಮಯಕ್ಕೆ ಮಸ್ಕತ್ತಿನಲ್ಲಿದ್ದ ಸೋದರಮಾವ ಮೊಮ್ಮಗನಿಗೆ ಒಂದು ಕ್ಯಾಮರಾವನ್ನೂ, ಸಂಗಮದೂರ 300 ಮಿಲಿಮೀಟರು ಇರುವ ಒಂದು ಟೆಲಿಫೋಟೋ ಮಸೂರವನ್ನೂ ತಂದುಕೊಟ್ಟರು. ದೂರದ ವಸ್ತುವನ್ನು ಹತ್ತಿರಕ್ಕೆ ಎಳೆದು ತೋರಿಸುವ ಆ ಉದ್ದ ಮಸೂರವನ್ನು ಕಣ್ಣಿಗೆ ಹಿಡಿದ ಹುಡುಗ ಅಂದೇ ಅಜ್ಜನಿಗೆ ಮಾತು ಕೊಟ್ಟ.

“ನೀವು ಬನಕ್ಕೆ ಹೋಗುವುದು ಬೇಡ ಅಜ್ಜ. ಹಕ್ಕಿಯನ್ನು ನಾನು ಇಲ್ಲಿಗೇ ತಂದು ತೋರಿಸುತ್ತೇನೆ.”

“ತರುವುದಾದರೆ ತಾ ಮಾಣಿ,” ಎಂದರು ಅಜ್ಜ. “ಆದರೆ ಹತ್ತಿರ ಹೋಗಬೇಡ. ತೋಡಿನ ಈಚೆಯಿಂದಲೇ ನೋಡು. ಗಂಡು ಒಂದು ಹೊತ್ತು ತಪ್ಪಿಸಿದರೂ ಒಳಗೆ ಉಪವಾಸ.”

ತೋಡಿನ ಈಚೆಯಿಂದ ಮರಕ್ಕೆ ಎಪ್ಪತ್ತು ಅಡಿ ದೂರ. ಹುಡುಗ ಮಡಲು, ಅಡಿಕೆ ಸೋಗೆಗಳಿಂದ ಒಂದು ಮರೆ ಕಟ್ಟಿದ. ಹಕ್ಕಿಗೆ ಮರೆಯ ಅಭ್ಯಾಸವಾಗಲೆಂದು ನಾಲ್ಕು ದಿನ ಸುಮ್ಮನಿದ್ದ. ಐದನೆಯ ದಿನ ಬೆಳಿಗ್ಗೆ ಕಪ್ಪು-ಬಿಳುಪಿನ ಒಂದು ರೀಲನ್ನು ತುಂಬಿಸಿ ಕುಳಿತ. ಕ್ಯಾಮರಾ ಮಸೂರಗಳೆರಡೂ ಸೇರಿ ಎರಡು ಕಿಲೋಗೆ ಹತ್ತಿರವಿದ್ದುವು. ಸೋದರಮಾವ “ಇದಕ್ಕೊಂದು ಮುಕ್ಕಾಲಿ ಬೇಕಾಗುತ್ತದೆ” ಎಂದು ಹೇಳಿದ್ದು ಆತನಿಗೆ ನೆನಪಿರಲಿಲ್ಲವೆಂದಲ್ಲ. ಅಡಿಕೆ ಮರದ ತುದಿಯಲ್ಲಿ ತೂಗಾಡುತ್ತ ಕೊನೆ ಕೊಯ್ಯುವವರ ಊರಿನಲ್ಲಿ ಹುಟ್ಟಿದವನ ಕೈಗೆ ಇಷ್ಟು ಭಾರ ಯಾವ ಲೆಕ್ಕ ಎಂಬುದು ಅವನ ಎಣಿಕೆ. ಗಂಡು ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಎರಡು ದಿನಗಳಲ್ಲಿ ಮೂವತ್ತಾರು ಚಿತ್ರಗಳು ಮುಗಿದುವು.

ಪುತ್ತೂರಿನ ಸ್ಟುಡಿಯೋದಲ್ಲಿ ರೀಲು ತೊಳೆಸಿದಾಗ ಮೂವತ್ತಾರರಲ್ಲಿ ಒಂದೂ ನೆಟ್ಟಗಿರಲಿಲ್ಲ. ಮರವಿತ್ತು, ಪೊಟರೆಯಿತ್ತು, ಹಕ್ಕಿಯೆಂದು ನಂಬಬಹುದಾದ ಒಂದು ಬೂದು ಛಾಯೆಯೂ ಇತ್ತು. ಎಲ್ಲವೂ ಮಳೆಯಲ್ಲಿ ನೆನೆದ ಶಾಯಿಯ ಬರಹದಂತೆ ಕದಡಿಹೋಗಿದ್ದುವು. “ಮಸೂರವೇ ಕೆಟ್ಟದ್ದು” ಎಂದ ಹುಡುಗ.

ಸ್ಟುಡಿಯೋದವರು ಒಂದು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು. “ಮಸೂರವನ್ನು ಬೈಯುವ ಮೊದಲು ಚಿತ್ರವನ್ನು ಓದು ಮಾರಾಯ. ಎಲೆಗಳ ಮೇಲೆ ಬಿಸಿಲಿನ ಚುಕ್ಕಿಗಳಿವೆಯಲ್ಲ, ಅವು ಚುಕ್ಕಿಗಳಾಗಿಯೇ ಇವೆಯೇ?”

ಚುಕ್ಕಿಗಳು ಚುಕ್ಕಿಗಳಾಗಿರಲಿಲ್ಲ. ಒಂದೊಂದೂ ಒಂದು ಸಣ್ಣ ಗೆರೆಯಾಗಿತ್ತು. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ಓರೆಯಾಗಿದ್ದುವು. ಸ್ಟುಡಿಯೋದವರು ವಿವರಿಸಿದರು: ಮರ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಕದಡಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿ ಮಂಜಾಗಿದ್ದು ಅದರ ಮುಂದಿನ ಇಲ್ಲವೆ ಹಿಂದಿನ ಕೊಂಬೆ ಸ್ಪಷ್ಟವಾಗಿದ್ದರೆ ಮಸೂರವನ್ನು ಸರಿಯಾದ ದೂರಕ್ಕೆ ಹೊಂದಿಸಿಲ್ಲ. ಹಕ್ಕಿ, ಮರ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ಕ್ಯಾಮರಾ. ಆ ಮೂವತ್ತಾರು ಚಿತ್ರಗಳೂ ಮಂಗಟ್ಟೆಯ ಚಿತ್ರಗಳಾಗಿರಲಿಲ್ಲ. ಅವನ ಕೈ ನಡುಕದ ಚಿತ್ರಗಳಾಗಿದ್ದುವು.

ಅದೇ ಕೈ, ಅದೇ ಕ್ಯಾಮರಾ. ಚಿಕ್ಕ ಮಸೂರದಲ್ಲಿ ತೆಗೆದ ಮನೆಯವರ ಚಿತ್ರಗಳು ಚೆನ್ನಾಗಿಯೇ ಬಂದಿದ್ದುವು. ಉದ್ದ ಮಸೂರದಲ್ಲಿ ಮಾತ್ರ ಈ ನಡುಕ ಎಲ್ಲಿಂದ ಬಂತು? ತೋಟದಲ್ಲಿ ದೋಟಿ ಹಿಡಿದವರಿಗೆ ಇದರ ಉತ್ತರ ಗೊತ್ತು. ಗಿಡ್ಡ ಕೋಲಿನಿಂದ ಪೇರಳೆಯನ್ನು ಕೊಯ್ಯುವುದು ಸುಲಭ. ಇಪ್ಪತ್ತು ಅಡಿ ಉದ್ದದ ದೋಟಿಯ ಕತ್ತಿಯನ್ನು ಮಾವಿನ ತೊಟ್ಟಿಗೆ ಸಿಕ್ಕಿಸುವುದು ಕಷ್ಟ. ಬುಡದಲ್ಲಿ ಕೈ ಎಳ್ಳಷ್ಟು ತಿರುಗಿದರೆ ತುದಿ ಗೇಣುದ್ದ ಓಡಾಡುತ್ತದೆ. ಉದ್ದ ಮಸೂರವೂ ಬೆಳಕಿನ ದೋಟಿಯೇ. ಕ್ಯಾಮರಾ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ತಿರುಗಿತೆಂದುಕೊಳ್ಳೋಣ. 50 ಮಿಲಿಮೀಟರಿನ ಮಸೂರದಲ್ಲಿ ಬಿಂಬವು ಫಿಲ್ಮಿನ ಮೇಲೆ ಸರಿಯುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. 300 ಮಿಲಿಮೀಟರಿನ ಮಸೂರದಲ್ಲಿ ಅದರ ಆರು ಪಟ್ಟು, ಎಂದರೆ ಸುಮಾರು ಅರ್ಧ ಮಿಲಿಮೀಟರು. ಆ ಚಿತ್ರವನ್ನು ಗೋಡೆಗೆ ಹಾಕಲು ಎಂಟು ಪಟ್ಟು ಹಿಗ್ಗಿಸಿದರೆ ನಾಲ್ಕು ಮಿಲಿಮೀಟರು. ಎಪ್ಪತ್ತು ಅಡಿ ದೂರದ ಹಕ್ಕಿಯ ಕಣ್ಣು ಅಂಥ ಚಿತ್ರದಲ್ಲಿ ಒಂದು ಮಿಲಿಮೀಟರಿನಷ್ಟಿರುತ್ತದೆ. ಕಣ್ಣಿಗಿಂತ ನಡುಕವೇ ನಾಲ್ಕು ಪಟ್ಟು ದೊಡ್ಡದು. ದೂರದ ಹಕ್ಕಿಯನ್ನು ಹಿಗ್ಗಿಸುವ ಮಸೂರ ಹಿಡಿದವನ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಡುವುದು ಅದಕ್ಕೆ ಸಾಧ್ಯವಿಲ್ಲ.

ಇದಕ್ಕೆ ಛಾಯಾಗ್ರಾಹಕರು ಒಂದು ಸೂತ್ರವನ್ನು ಕಟ್ಟಿಕೊಂಡಿದ್ದಾರೆ. ಮಸೂರದ ಸಂಗಮದೂರ ಎಷ್ಟು ಮಿಲಿಮೀಟರೋ, ಒಂದು ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಷಟರ್ ತೆರೆದಿರಬಾರದು. 50 ಮಿಲಿಮೀಟರಿಗೆ ಐವತ್ತನೆಯ ಒಂದು ಭಾಗ. 300 ಮಿಲಿಮೀಟರಿಗೆ ಮುನ್ನೂರನೆಯ ಒಂದು ಭಾಗ. ಬಯಲಿನ ಬಿಸಿಲಿನಲ್ಲಿ ಇದು ಕಷ್ಟವಲ್ಲ. ಆದರೆ ಬನದ ನೆರಳಿನಲ್ಲಿ, ಅಂದಿನ ಫಿಲ್ಮಿಗೆ ಬೇಕಾದಷ್ಟು ಬೆಳಕು ಸಿಗಬೇಕಾದರೆ ಷಟರ್ ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿರಲೇಬೇಕಿತ್ತು. ಸೂತ್ರ ಕೇಳುವುದಕ್ಕಿಂತ ಹತ್ತು ಪಟ್ಟು ದೀರ್ಘಕಾಲ! ಅಷ್ಟು ಹೊತ್ತು ಉಸಿರಾಟ, ನಾಡಿಯ ಬಡಿತ, ಬೆರಳಿನ ಒತ್ತಡ ಇವೆಲ್ಲವನ್ನೂ ಗೆಲ್ಲುವ ಕೈ ಮನುಷ್ಯನಿಗಿಲ್ಲ.

ಛಾಯಾಗ್ರಹಣದ ಆರಂಭದ ದಿನಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1826-27ರ ಸುಮಾರಿಗೆ ಫ್ರಾನ್ಸಿನ ನೀಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಹಿಡಿದಾಗ ಬೆಳಕು ಗಂಟೆಗಟ್ಟಲೆ ಬೀಳಬೇಕಾಗಿತ್ತು. ಅಷ್ಟು ಹೊತ್ತು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿಯುವ ಮಾತೇ ಇಲ್ಲ. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1892ರಲ್ಲಿ ಹಕ್ಕಿಯ ಗೂಡನ್ನೂ ಮೊಟ್ಟೆಗಳನ್ನೂ ಚಿತ್ರಿಸಿದರು. ಮುಂದೆ ಟೊಳ್ಳಾದ ಎತ್ತಿನ ಬೊಂಬೆಯೊಳಗೆ ಕ್ಯಾಮರಾದೊಡನೆ ಅಡಗಿ ಕುಳಿತು ಹಕ್ಕಿಗಳ ಚಿತ್ರ ತೆಗೆದರು. ಫಿಲ್ಮುಗಳು ಚುರುಕಾದಂತೆ, ಕ್ಯಾಮರಾಗಳು ಚಿಕ್ಕವಾದಂತೆ ಸಾಮಾನ್ಯರ ಕೈಯಿಂದ ಮುಕ್ಕಾಲಿ ಮರೆಯಾಯಿತು. ಅದನ್ನು ಮರಳಿ ಕರೆತಂದುದು ಉದ್ದ ಮಸೂರ.

ಕರ್ನಾಟಕದಲ್ಲಿ ಈ ಸಾಧನೆಗೆ ಒಂದು ಹಿರಿಯ ಪರಂಪರೆಯೇ ಇದೆ. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ. ಎನ್. ಎ. ಪೆರುಮಾಳ್ (1932–2017) ಮತ್ತು ಇ. ಹನುಮಂತರಾವ್ ಅವರು ನಾಡಿನ ಕಾಡುಗಳನ್ನು ಜಗತ್ತಿನ ಪ್ರದರ್ಶನಗಳಿಗೆ ಕೊಂಡೊಯ್ದರು. 1972ರಿಂದ 1977ರವರೆಗೆ ರಾಜ್ಯದ ಹಣಕಾಸು ಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದರು. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ಹಕ್ಕಿಗಳಿಗಾಗಿ ಕಾದು ಕುಳಿತರು. ಕೃಪಾಕರ ಮತ್ತು ಸೇನಾನಿ ಅವರು ವರ್ಷಗಟ್ಟಲೆ ಕಾಡುನಾಯಿಗಳ ಬೆನ್ನು ಹತ್ತಿ ತೆಗೆದ ಚಲನಚಿತ್ರಕ್ಕೆ 2010ರಲ್ಲಿ ಅಂತರರಾಷ್ಟ್ರೀಯ ಪುರಸ್ಕಾರ ದೊರೆಯಿತು. ಇಂಥವರ ಚಿತ್ರಗಳಲ್ಲಿ ಕಾಣುವುದು ಪ್ರಾಣಿ. ಕಾಣದಿರುವುದು ಅದು ಬರುವವರೆಗೆ ಅಲುಗದೆ ಕಾದ ಗಂಟೆಗಳು.

ಇಂದು ಯಂತ್ರವೂ ನಡುಕವನ್ನು ತಡೆಯಲು ಕಲಿತಿದೆ. 1995ರಲ್ಲಿ ಕ್ಯಾನನ್ ಸಂಸ್ಥೆಯು ನಡುಕ ತಡೆಯುವ ಮಸೂರವೊಂದನ್ನು ಮಾರುಕಟ್ಟೆಗೆ ತಂದಿತು. ಕ್ಯಾಮರಾ ಎತ್ತ ತಿರುಗಿತೆಂದು ಒಳಗಿನ ಸೂಕ್ಷ್ಮ ಸಾಧನಗಳು ಅರಿಯುತ್ತವೆ. ಒಳಮಸೂರವೊಂದು ಅದಕ್ಕೆ ಪ್ರತಿಯಾಗಿ ಸರಿದು ಬಿಂಬವನ್ನು ನಿಲ್ಲಿಸುತ್ತದೆ. ಈಗಿನ ಕ್ಯಾಮರಾಗಳು ಮಂದ ಬೆಳಕಿನಲ್ಲಿಯೂ ಷಟರನ್ನು ಬೇಗ ಮುಚ್ಚಬಲ್ಲವು. ಆದರೂ ಮುಕ್ಕಾಲಿ ನಿವೃತ್ತವಾಗಿಲ್ಲ. ಅರ್ಧ ದಿನ ಒಂದೇ ಪೊಟರೆಯತ್ತ ಗುರಿಯಿಟ್ಟು ಕಾಯಬೇಕಾದವನ ತೋಳಿನ ಆಯಾಸವನ್ನು ಯಾವ ಒಳಮಸೂರವೂ ಹೊರಲಾರದು. ಮುಕ್ಕಾಲಿಯ ಮೇಲಿರುವಾಗ ಇಲ್ಲದ ನಡುಕವನ್ನು ತಡೆಯಲು ಹೋಗಿ ತಾನೇ ಚಿತ್ರವನ್ನು ಕೆಡಿಸುವ ಮಸೂರಗಳೂ ಇರುವುದರಿಂದ, ಅಂಥವುಗಳ ಈ ಸೌಲಭ್ಯವನ್ನು ಆಗ ಮುಚ್ಚಿಡಬೇಕಾಗುತ್ತದೆ.

ಆದರೆ 1985ರ ಆ ಹುಡುಗನಿಗೆ ಇವಾವುವೂ ಇರಲಿಲ್ಲ. ಪುತ್ತೂರಿನಿಂದ ಬಸ್ಸಿನಲ್ಲಿ ಮರಳಿದವನು ಚಿತ್ರಗಳ ಲಕೋಟೆಯನ್ನು ಅಜ್ಜನಿಗೆ ಕೊಡದೆ ಒಳಗೆ ಹೋದ. ಸಂಜೆ ಅಜ್ಜನೇ ಕೇಳಿದರು. ಚಿತ್ರಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಎಂಥದು ಮಾಣಿ ಇದು? ಭೂಕಂಪವೇ?”

“ಕೈ ಅಲುಗಿದೆ ಅಜ್ಜ. ಮುಕ್ಕಾಲಿ ಬೇಕಂತೆ. ಅದಿಲ್ಲದೆ ಆಗುವುದಿಲ್ಲವಂತೆ.” ಅವನ ದನಿಯಲ್ಲಿ ಸೋತವನ ಸಿಟ್ಟಿತ್ತು.

ಅಜ್ಜ ನಕ್ಕರು. ಅವರು ಹುಡುಗನಾಗಿದ್ದಾಗ ಊರಿಗೆ ಸರ್ವೆಯವರು ಬಂದಿದ್ದರಂತೆ. ಅವರ ದುರ್ಬೀನಿನ ಮುಕ್ಕಾಲಿಯನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತವರಲ್ಲಿ ಅಜ್ಜನೂ ಒಬ್ಬರು. “ಅಷ್ಟು ಕಲಿತ ಅಧಿಕಾರಿಗಳು, ಯಾರೂ ಅದನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಇಳಿಜಾರಿನಲ್ಲಿ ಎರಡು ಕಾಲು ಕೆಳಕ್ಕೆ, ಒಂದು ಕಾಲು ಮೇಲಕ್ಕೆ ಇಡಬೇಕು. ತುದಿಯನ್ನು ಕಾಲಿನಿಂದ ಮೆಟ್ಟಿ ನೆಲಕ್ಕೆ ಇಳಿಸಬೇಕು. ಇಟ್ಟ ಮೇಲೆ ಅದಕ್ಕೆ ಒರಗಿ ನಿಂತರೆ ಬೈಗಳು ಸಿಕ್ಕುತ್ತಿತ್ತು. ನಾಳೆ ಆಚಾರಿಯನ್ನು ಕರೆ.”

ಹೀಗೆ ಆ ಮನೆಯ ಮುಕ್ಕಾಲಿ ಹುಟ್ಟಿತು. ಬಲಿತ ಬಿದಿರಿನ ಮೂರು ಕಾಲುಗಳು. ಅವುಗಳ ತುದಿಗೆ ಕಬ್ಬಿಣದ ಮೊನೆ. ಮೇಲೆ ಹಲಸಿನ ಹಲಗೆ. ಕಾಲು ಮಡಿಸಲು ಮೂರು ಬಿಜಾಗರಿ. ಕಾಲುಗಳು ಜಾರಿ ಅಗಲವಾಗದಂತೆ ನಡುವೆ ಒಂದು ಹಗ್ಗ. ಪೊಟರೆಯ ಎತ್ತರಕ್ಕೆ ಕ್ಯಾಮರಾವನ್ನು ಓರೆಯಾಗಿಸಲು ಒಂದು ಬೆಣೆ. ಕ್ಯಾಮರಾವನ್ನು ಹಲಗೆಗೆ ಬಿಗಿಯುವುದು ಹೇಗೆ ಎಂಬ ಚಿಂತೆ ಹುಡುಗನಿಗಿತ್ತು. ಕ್ಯಾಮರಾದ ತಳದಲ್ಲಿರುವ ತಿರುಪಿನ ರಂಧ್ರ ಪ್ರಪಂಚದಲ್ಲೆಲ್ಲ ಸಾಮಾನ್ಯವಾಗಿ ಒಂದೇ ಅಳತೆಯದು. ಹಾರ್ಡ್‌ವೇರ್ ಅಂಗಡಿಯ ಕಾಲು ಇಂಚಿನ ಬೋಲ್ಟು ಅದಕ್ಕೆ ಸರಿಯಾಗಿ ಕುಳಿತುಕೊಂಡಿತು.

ಮೊದಲು ಆತ ಕ್ಯಾಮರಾದ ತಳವನ್ನೇ ಹಲಗೆಗೆ ಬಿಗಿದ. ಮುಂದೆ ಚಾಚಿದ ಮಸೂರದ ಭಾರಕ್ಕೆ ಎಲ್ಲವೂ ಮೂಗು ತಗ್ಗಿಸಿದುವು. “ತಕ್ಕಡಿಯನ್ನು ಯಾರಾದರೂ ಕೊನೆಯಲ್ಲಿ ಹಿಡಿಯುತ್ತಾರೆಯೇ?” ಎಂದರು ಅಜ್ಜ. ಉದ್ದ ಮಸೂರದ ನಡುವಿನಲ್ಲಿ ಒಂದು ಬಳೆ ಇತ್ತು. ಆ ಬಳೆಯ ಅಡಿಯಲ್ಲಿಯೂ ಒಂದು ರಂಧ್ರವಿತ್ತು. ಅಲ್ಲಿ ಬಿಗಿದಾಗ ಮುಂದಿನ ಭಾರವೂ ಹಿಂದಿನ ಭಾರವೂ ಸಮನಾಗಿ ತೂಗಿ ನಿಂತುವು.

ಎರಡನೆಯ ರೀಲಿನಲ್ಲಿ ಮರದ ತೊಗಟೆ ಕಂಡಿತು. ಪೊಟರೆಯ ಗಾರೆ ಕಂಡಿತು. ಆದರೆ ಮೊದಲಿನಷ್ಟಲ್ಲದಿದ್ದರೂ ಒಂದು ಸಣ್ಣ ಕದಡು ಉಳಿದೇ ಇತ್ತು. ಮುಕ್ಕಾಲಿಯಿದ್ದರೂ ಗುಂಡಿಯನ್ನು ಒತ್ತುವ ಬೆರಳು ಅವನದೇ ಅಲ್ಲವೇ? ಅದಲ್ಲದೆ, ಷಟರ್ ತೆರೆಯುವ ಮುನ್ನ ಕ್ಯಾಮರಾದೊಳಗಿನ ಪುಟ್ಟ ಕನ್ನಡಿ ಮೇಲಕ್ಕೆ ಹಾರಿ ಬಡಿಯುತ್ತದೆ. ಆ ಏಟು ಉದ್ದ ಮಸೂರದಲ್ಲಿ ಒಂದು ಕಂಪನವಾಗಿ ಉಳಿಯುತ್ತದೆ. ತೋಡಿನ ಮೇಲಿಂದ ಬೀಸುವ ಗಾಳಿ ಬೇರೆ. ಸ್ಟುಡಿಯೋದವರು ತಂತಿಯಿಂದ ಒತ್ತುವ ಒಂದು ಕೇಬಲ್ ಕೊಟ್ಟರು. ಬೆರಳು ಕ್ಯಾಮರಾವನ್ನು ಮುಟ್ಟುವುದು ತಪ್ಪಿತು. ಸೊಸೆ ಹುರುಳಿ ತುಂಬಿದ ಬಟ್ಟೆಯ ಚೀಲವೊಂದನ್ನು ಹೊಲಿದುಕೊಟ್ಟಳು. ಅದನ್ನು ಮಸೂರದ ಬೆನ್ನಿನ ಮೇಲಿರಿಸಿದಾಗ ಕನ್ನಡಿಯ ಏಟನ್ನು ಅದು ನುಂಗಿಕೊಂಡಿತು. ಗಾಳಿಗೆ ಅಜ್ಜ ಉಪಾಯ ಹೇಳಿದರು: ಮುಕ್ಕಾಲಿಯ ನಡುವಿನಿಂದ ಒಂದು ಕಲ್ಲಿನ ಬುಟ್ಟಿಯನ್ನು ತೂಗಬಿಡುವುದು. ಬುಟ್ಟಿಯೇ ಗಾಳಿಗೆ ತೂಗಾಡಿದರೆ ಕೆಡುಕು ಹೆಚ್ಚು; ಆದುದರಿಂದ ಅದರ ತಳ ನೆಲವನ್ನು ಸವರಿದಂತೆ ಇರಬೇಕು.

ಅಷ್ಟರಲ್ಲಿ ಏಪ್ರಿಲ್ ತಿಂಗಳು ಬಂದಿತ್ತು. ಪೊಟರೆಯೊಳಗಿಂದ ಮರಿಗಳ ಕೀರಲು ದನಿ ಕೇಳತೊಡಗಿತ್ತು. ಇನ್ನು ಕೆಲವು ದಿನಗಳಲ್ಲಿ ಗಾರೆಯ ಗೋಡೆ ಒಡೆದು ಎಲ್ಲವೂ ಹಾರಿಹೋಗುವ ಕಾಲ. ಮುಂದಿನ ವರ್ಷ ಹಕ್ಕಿಗಳು ಬರಬಹುದು. ಅಜ್ಜ ಇರುತ್ತಾರೆಯೇ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಕೈಯಲ್ಲಿ ಉಳಿದಿದ್ದುದು ಒಂದೇ ರೀಲು.

ಅಂದು ಬೆಳಿಗ್ಗೆ ಹುಡುಗ ಮುಕ್ಕಾಲಿಯನ್ನು ಹೆಗಲ ಮೇಲಿಟ್ಟು ಅಂಗಳಕ್ಕಿಳಿದಾಗ ಹಿಂದಿನಿಂದ ‘ಟಕ್’ ಎಂಬ ಸದ್ದು ಕೇಳಿಸಿತು. ತಿರುಗಿ ನೋಡಿದ. ಅಜ್ಜ ಜಗಲಿಯ ಮೂಲೆಯ ಊರುಗೋಲನ್ನು ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

“ಮಾವ, ಸಂಕ ದಾಟಬೇಡಿ” ಎಂದಳು ಸೊಸೆ, ಬಾಗಿಲಿನಿಂದ.

“ದಾಟುವುದಿಲ್ಲ. ಈಚೆಯೇ ಕೂರುತ್ತೇನೆ,” ಎಂದರು ಅಜ್ಜ. ಒಂದು ಗಳಿಗೆ ಕೋಲನ್ನು ನೋಡಿ, “ಮಾಣಿ ಮೂರು ಕಾಲು ಹೊತ್ತು ಹೋಗುವಾಗ ನನಗೆಂಥ ನಾಚಿಕೆ?” ಎಂದರು.

ಮರೆಯೊಳಗೆ ಇಬ್ಬರೂ ಕುಳಿತರು. ಕ್ಯಾಮರಾ ಪೊಟರೆಯತ್ತ ಗುರಿಯಿಟ್ಟು ತಾನೇ ನಿಂತಿತ್ತು. ಮೊದಲ ಎರಡು ದಿನಗಳಲ್ಲಿ ಹುಡುಗ ತೋಳಿನ ನೋವಿನೊಡನೆ ಹೋರಾಡುತ್ತ ಹಕ್ಕಿಯನ್ನು ನಿಜವಾಗಿ ನೋಡಿಯೇ ಇರಲಿಲ್ಲ. ಈಗ ಕೈಗಳು ಬಿಡುವಾಗಿದ್ದ ಕಾರಣ ಕಣ್ಣುಗಳೂ ಬಿಡುವಾದುವು. ಗಂಡು ಬಂದು ತೊಗಟೆಯನ್ನು ಕಚ್ಚಿ ಹಿಡಿಯುವ ಕ್ರಮ, ಸುತ್ತ ನೋಡುವ ಎಚ್ಚರ, ಕತ್ತನ್ನು ಹಿಂದಕ್ಕೆ ಎಳೆದು ಗಂಟಲಿನಿಂದ ಹಣ್ಣನ್ನು ತರುವ ರೀತಿ ಎಲ್ಲವೂ ಕಂಡುವು. ಅಲುಗುವ ಹಕ್ಕಿಯನ್ನು ಮುಕ್ಕಾಲಿ ನಿಲ್ಲಿಸಲಾರದು. ಆದರೆ ಹಣ್ಣನ್ನು ನೀಡುವ ಮುನ್ನ ಆ ಹಕ್ಕಿ ಒಂದು ಕ್ಷಣ ತಾನಾಗಿಯೇ ನಿಶ್ಚಲವಾಗುತ್ತಿತ್ತು. ಒಳಗಿನ ಕೊಕ್ಕು ಸೀಳಿನಿಂದ ಹೊರಚಾಚುವುದನ್ನು ಕಾಯುವ ಕ್ಷಣ ಅದು. “ಈಗ ನೋಡು, ನಿಲ್ಲುತ್ತದೆ” ಎಂದು ಅಜ್ಜ ಪಿಸುಗುಟ್ಟುತ್ತಿದ್ದರು. ಐವತ್ತು ವರ್ಷ ನೋಡಿದವರ ಮಾತು ತಪ್ಪಲಿಲ್ಲ. ಸಂಜೆಯವರೆಗೆ ಅವನು ಕೇಬಲನ್ನು ಒತ್ತಿದ್ದು ಒಂಬತ್ತೇ ಸಲ.

ವಾರದ ಅನಂತರ ಪುತ್ತೂರಿನಿಂದ ಚಿತ್ರ ಬಂದಿತು. ಸ್ಟುಡಿಯೋದವರು ಒಂದನ್ನು ದೊಡ್ಡದಾಗಿ ಹಿಗ್ಗಿಸಿಕೊಟ್ಟಿದ್ದರು. ಹುಡುಗ ಅದನ್ನು ಅಜ್ಜನ ಕೈಗಿತ್ತ. ಅಜ್ಜ ನೋಡಲು ಹವಣಿಸಿದರು. ಆದರೆ ವಯಸ್ಸಿನ ಕೈ ನಡುಗಿ ಕಾಗದ ಅಲುಗುತ್ತಲೇ ಇತ್ತು. ಹುಡುಗ ಹಿಡಿದುಕೊಂಡ. ಸಂತೋಷಕ್ಕೋ ಏನೋ, ಅವನ ಕೈಯೂ ನಡುಗುತ್ತಿತ್ತು.

“ಆ ಮುಕ್ಕಾಲಿ ತಾ” ಎಂದರು ಅಜ್ಜ.

ಜಗಲಿಯಲ್ಲಿ ಮುಕ್ಕಾಲಿಯನ್ನು ಹೂಡಿ, ಹಲಗೆಯ ಮೇಲೆ ಬೆಣೆಗೆ ಒರಗಿಸಿ ಚಿತ್ರವನ್ನು ನಿಲ್ಲಿಸಿದರು. ಅಜ್ಜ ಊರುಗೋಲಿನ ಮೇಲೆ ಎರಡೂ ಕೈಗಳನ್ನಿಟ್ಟು, ಬಾಗಿ, ಬಹಳ ಹೊತ್ತು ನೋಡಿದರು. ಗಂಡಿನ ಕಣ್ಣು, ಕುತ್ತಿಗೆಯ ಗರಿಗಳು, ಕೊಕ್ಕಿನ ತುದಿಯಲ್ಲಿ ಒಂದು ದುಂಡನೆಯ ಹಣ್ಣು, ಸೀಳಿನೊಳಗಿಂದ ಅದಕ್ಕಾಗಿ ಚಾಚಿದ ಇನ್ನೊಂದು ಕೊಕ್ಕು.

“ಗೋಳಿ ಹಣ್ಣು” ಎಂದರು ಅಜ್ಜ. “ಕೆಳಗಿನ ಗದ್ದೆಯ ಗೋಳಿ ಮರದ್ದು. ಈ ವರ್ಷ ಚೆನ್ನಾಗಿ ಬಿಟ್ಟಿದೆ.”